ಹಡಗು ಚೆನ್ನಾಗಿತ್ತು

ಬೆಟ್ಟ ಹತ್ತುವ ಬೂಟನ್ನು ಹೊರಡುವ ದಿನ ಮೊದಲ ಸಲ ಹಾಕಬಾರದಂತೆ. ಎರಡು ತಿಂಗಳು ಮುಂಚೆಯೇ ಹಾಕಿಕೊಂಡು ಓಡಾಡಿ ಕಾಲಿಗೆ ಪಳಗಿಸಬೇಕು, ಇಲ್ಲದಿದ್ದರೆ ಮೊದಲ ದಿನವೇ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಅಳುತ್ತಾ ವಾಪಸು ಬರಬೇಕಾಗುತ್ತದೆ. ಇದನ್ನು ನನಗೆ ಹೇಳಿದವನು ದಿಲ್ಲಿ ಪಕ್ಕದ ಗುರುಗ್ರಾಮದ ಒಂದು ಪ್ರವಾಸ ಕಂಪನಿಯಲ್ಲಿ ಕೆಲಸ ಮಾಡುವ ಧನುಷ್. ಮಂಡ್ಯದವನು. ದಿಲ್ಲಿಯಲ್ಲಿ ಕೂತು ಕನ್ನಡದಲ್ಲಿ ಸಲಹೆ ಕೊಡುವವನು ಸಿಕ್ಕರೆ ನಾನು ಬಿಡುತ್ತೇನೆಯೇ? ದಿನಕ್ಕೆರಡು ಸಲ ಫೋನ್ ಮಾಡಿ ಅವನ ತಲೆ ತಿನ್ನುತ್ತಿದ್ದೆ.

ಹೀಗಾಗಿ ದಿಲ್ಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಹನ್ನೊಂದನೇ ಮಹಡಿಯ ನಮ್ಮ ಮನೆಯಲ್ಲಿ ಅಕ್ಟೋಬರಿನಿಂದ ನಾನು ಬೂಟು ಹಾಕಿಕೊಂಡೇ ಸಾರು ಕುದಿಸುತ್ತಿದ್ದೆ. ತಳ ತೊಳೆದು ಒರೆಸಿದ ಬೂಟೇ ಇರಬಹುದು, ಆದರೂ ಅಡುಗೆಮನೆಯಲ್ಲಿ ಬೂಟು ಎಂದರೆ ಬೂಟೇ. ಅತ್ತೆ ಶಾರದಮ್ಮ ಒಂದು ದಿನ ಬಾಗಿಲಲ್ಲಿ ನಿಂತು ನನ್ನ ಕಾಲನ್ನೇ ನೋಡಿದರು. ನೋಡಿ ಮಗನನ್ನು ಕೂಗಿದರು.

"ಚಂದ್ರೂ, ಬಾರೋ ಇಲ್ಲಿ. ಯಾರೋ ಪೊಲೀಸ್ನೋಳು ಬಂದು ನಮ್ಮನೇಲಿ ಒಗ್ಗರಣೆ ಹಾಕ್ತಿದಾಳೆ."

ನನ್ನ ಗಂಡ ಚಂದ್ರಕಾಂತ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು. ಆದರೆ ಅತ್ತೆ ತಮಾಷೆ ಮಾಡಿದ್ದಲ್ಲ. ಅವರಿಗೆ ನಿಜವಾಗಿಯೂ ಆ ಕ್ಷಣ ನಾನು ಯಾರೆಂದು ತಿಳಿದಿರಲಿಲ್ಲ. ಎಪ್ಪತ್ತಾರು ವಯಸ್ಸು. ಎರಡು ವರ್ಷದಿಂದ ನೆನಪು ಸಡಿಲವಾಗುತ್ತಿದೆ. ಒಂದು ಗಳಿಗೆ ನಲವತ್ತು ವರ್ಷ ಹಿಂದಿನ ಪಕ್ಕದ ಮನೆಯವರ ಸೀರೆ ಬಣ್ಣ ಹೇಳುತ್ತಾರೆ, ಇನ್ನೊಂದು ಗಳಿಗೆ ಊಟ ಮಾಡಿ ಕೈ ತೊಳೆದು ಬಂದು "ಊಟಕ್ಕೆ ಯಾವಾಗ ಏಳೋದು?" ಅನ್ನುತ್ತಾರೆ.

ನನಗೆ ಮೂಗಿನ ತುದಿಯಲ್ಲೇ ಕೋಪ. ಮದುವೆಯಾದ ಇಪ್ಪತ್ತೆರಡು ವರ್ಷದಿಂದ ಮನೆಯವರು ಇದನ್ನು ಎಲ್ಲರ ಮುಂದೆ ಹೇಳಿಕೊಂಡು ಬಂದಿದ್ದಾರೆ, ನಾನು ಇಲ್ಲವೆಂದಿಲ್ಲ. ಆದರೆ ಕೋಪಕ್ಕೂ ಕಾರಣ ಬೇಡವೇ? ಸರ್ಕಾರ ನೌಕರರಿಗೆ ಎಲ್‌ಟಿಸಿ ಎಂದು ಪ್ರವಾಸದ ಸೌಲಭ್ಯ ಕೊಡುತ್ತದೆ. ಪಕ್ಕದ ಮನೆಯವರೆಲ್ಲ ಅದರಲ್ಲಿ ಅಂಡಮಾನಿಗೆ, ಶಿಲ್ಲಾಂಗಿಗೆ ಹೋಗಿ ಬಂದರು. ನಾವು ಮಾತ್ರ ಪ್ರತಿ ಸಲವೂ ಫಾರಂನಲ್ಲಿ 'ಹೋಮ್ ಟೌನ್, ಹೊಸದುರ್ಗ' ಎಂದು ಬರೆದು ಹೊಸದುರ್ಗಕ್ಕೇ ಹೋಗಿ ಬಂದೆವು. ಯಾರದೋ ಮದುವೆ, ಯಾರದೋ ವರ್ಷಾಬ್ದಿಕ. ಅಲ್ಲಿಯೂ ನಾನೇ ಸೌಟು ಹಿಡಿಯುವುದು.

ನನಗೆ ಬೇಕಿದ್ದದ್ದು ಒಂದೇ ಒಂದು. ಉತ್ತರಾಖಂಡದ ಗೋವಿಂದ ರಾಷ್ಟ್ರೀಯ ಉದ್ಯಾನದಲ್ಲಿ ಕೇದಾರಕಂಠ ಎಂಬ ಶಿಖರವಿದೆ. ಹನ್ನೆರಡೂವರೆ ಸಾವಿರ ಅಡಿ. ಡಿಸೆಂಬರಿನಲ್ಲಿ ಮಂಡಿಯವರೆಗೆ ಹಿಮ. "ಮನೇಲಿ ಚಂದ್ರಕಾಂತ ಇರೋವಾಗ ಕೇದಾರಕಂಠ ಯಾಕೆ ನಿನಗೆ?" ಎಂದು ಮನೆಯವರು ರೇಗಿಸುತ್ತಿದ್ದರು. "ಅದಕ್ಕೇ ಬೇಕು" ಎನ್ನುತ್ತಿದ್ದೆ. ಹರಿಣಿ ಎಂದು ಹೆಸರಿಟ್ಟುಕೊಂಡವಳಿಗೆ ಮೊಣಕಾಲು ನೋವು ಎಂದೂ ಅಣಕಿಸುತ್ತಿದ್ದರು. ಅದು ಮಾತ್ರ ನಿಜ. ಬಲಗಾಲಿನ ಮಂಡಿ ಸವೆಯುತ್ತಿದೆ. ಡಿಸ್ಪೆನ್ಸರಿಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇಸ್ ಸಾಲ್ ಚಢ್ ಜಾಯಿಯೇ, ಮೇಡಂ. ಅಗಲೇ ಸಾಲ್ ಕಾ ಮೈ ನಹೀ ಬೋಲೂಂಗಾ" ಎಂದಿದ್ದರು. ಈ ವರ್ಷ ಹತ್ತಿಬಿಡಿ, ಮುಂದಿನ ವರ್ಷದ್ದು ನಾನು ಹೇಳಲಾರೆ. ನನಗೆ ನಲವತ್ತೊಂಬತ್ತು. ಅಂದರೆ ಈ ಡಿಸೆಂಬರ್, ಇಲ್ಲವಾದರೆ ಎಂದಿಗೂ ಇಲ್ಲ.

ಬೆಳಗ್ಗೆ ಐದೂವರೆಗೆ ಎದ್ದು ಬೆನ್ನಿನ ಚೀಲದಲ್ಲಿ ಐದೈದು ಕಿಲೋದ ಎರಡು ಹಿಟ್ಟಿನ ಪ್ಯಾಕೆಟ್ ತುಂಬಿಕೊಂಡು ನಮ್ಮ ಟವರಿನ ಮೆಟ್ಟಿಲು ಹತ್ತುತ್ತಿದ್ದೆ. ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗ ಸಾಕು, ಮಾತು ನಿಂತರೆ ವೇಗ ಜಾಸ್ತಿಯಾಯಿತೆಂದು ಅರ್ಥ, ಇದೂ ಧನುಷ್ ಹೇಳಿದ್ದು. ಜೊತೆಗೆ ಯಾರಿದ್ದಾರೆ ಮಾತಾಡಲು? ಮನೆಯವರನ್ನೇ ಮನಸ್ಸಿನಲ್ಲಿ ಮುಂದೆ ನಿಲ್ಲಿಸಿಕೊಂಡು ಬಾಯಿತುಂಬ ಬೈಯುತ್ತಾ ಹತ್ತುತ್ತಿದ್ದೆ. ಗಾರ್ಡ್ ಭಯ್ಯಾ ಮೊದಲೆರಡು ದಿನ ಗಾಬರಿಯಾಗಿ ಹಿಂದೆ ಬಂದ. ಆಮೇಲೆ ಅವನಿಗೂ ಅಭ್ಯಾಸವಾಯಿತು.

ಮೆಟ್ಟಿಲ ಕಿಂಡಿಗಳಿಂದ ಮಂಜು ಒಳಗೆ ಬರುತ್ತಿತ್ತು. ಮೂರನೇ ಮಹಡಿಯಲ್ಲಿ ಇಂಗಿನ ವಾಸನೆ, ಆರರಲ್ಲಿ ಯಾರದೋ ಮನೆಯ ಅಗರಬತ್ತಿ. ಎಂಟು ದಾಟಿದ ಮೇಲೆ ಗೋಡೆ, ಲಿಫ್ಟಿನ ಬಾಗಿಲು, ಶೂ ಸ್ಟ್ಯಾಂಡು ಎಲ್ಲ ಮಾಸಿಹೋಗಿ ದೇವದಾರು ಮರಗಳು ನಿಂತಿರುತ್ತಿದ್ದವು. ಬೂಟಿನ ಕೆಳಗೆ ಹಿಮ ಕರಕರ ಎನ್ನುತ್ತಿತ್ತು. ಹನ್ನೊಂದರಲ್ಲಿ ನಿಲ್ಲುತ್ತಿರಲಿಲ್ಲ, ಹದಿನಾಲ್ಕರ ತಾರಸಿಯವರೆಗೂ ಹೋಗುತ್ತಿದ್ದೆ. ಅಲ್ಲಿ ನೀರಿನ ಟ್ಯಾಂಕಿನ ಪಕ್ಕ ನಿಂತು ಬಿಳಿ ಮಂಜನ್ನು ನೋಡುತ್ತಾ, ನಾನು ಯಾರ ಸೊಸೆ, ಯಾರ ಹೆಂಡತಿ ಎಂಬುದೆಲ್ಲ ಐದು ನಿಮಿಷ ಮರೆತೇಹೋಗುತ್ತಿತ್ತು. ಆ ಐದು ನಿಮಿಷ ಎಷ್ಟು ಸುಖವಾಗಿತ್ತು ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ನಾನೊಬ್ಬಳೇ ಹೋಗುವುದು, ಮನೆಯವರು ಹತ್ತು ದಿನ ರಜೆ ಹಾಕಿ ಅಮ್ಮನನ್ನೂ ಹನ್ನೊಂದು ವರ್ಷದ ಮಗಳು ತನ್ವಿಯನ್ನೂ ನೋಡಿಕೊಳ್ಳುವುದು. ಎಲ್ಲ ತೀರ್ಮಾನವಾಗಿತ್ತು. ಅಷ್ಟರಲ್ಲಿ ಅತ್ತೆ ಹಡಗು ಕೇಳಿದರು.

ಮಾವನವರು ಮೂವತ್ತೊಂದು ವರ್ಷ ಇದೇ ದಿಲ್ಲಿಯಲ್ಲಿ ಹಡಗು ಸಚಿವಾಲಯದ ಗುಮಾಸ್ತರಾಗಿದ್ದರು. ದಿಲ್ಲಿಗೆ ಸಮುದ್ರ ಎಲ್ಲಿಂದ ಬರಬೇಕು? ಬೆಳಗಿಂದ ಸಂಜೆಯವರೆಗೆ ಹಡಗಿನ ಫೈಲು ನೋಡಿದರು, ಹಡಗು ನೋಡದೆ ಹೋಗಿಬಿಟ್ಟರು. ವರ್ಷ ವರ್ಷ ಆಫೀಸಿನಿಂದ ಹಡಗಿನ ಚಿತ್ರವಿದ್ದ ಕ್ಯಾಲೆಂಡರ್ ತರುತ್ತಿದ್ದರು, ಅತ್ತೆ ಅದನ್ನು ಅಡುಗೆಮನೆಯಲ್ಲಿ ನೇತುಹಾಕುತ್ತಿದ್ದರು. ದೀಪಾವಳಿಯ ಮಾರನೇ ದಿನ ಅತ್ತೆ ಕಾಫಿ ಲೋಟ ಕೆಳಗಿಟ್ಟು, "ಚಂದ್ರೂ, ನನಗೊಂದ್ಸಲ ಹಡಗಿನಲ್ಲಿ ಹೋಗಬೇಕು ಅಂತ ಆಸೆ ಕಣೋ. ಪೂರ್ತಿ ಮರೆತುಹೋಗೋಕೆ ಮುಂಚೆ" ಎಂದರು. ಅವರ ತಲೆ ಅಂದು ತಿಳಿನೀರಿನಂತಿತ್ತು. ತಮಗೆ ಏನಾಗುತ್ತಿದೆ ಎಂಬುದು ಅವರಿಗೆ ಗೊತ್ತಿತ್ತು. ಈ ಮನೆಗೆ ನಾನು ಬಂದಾಗಿನಿಂದ ಅವರು ತಮಗಾಗಿ ಏನಾದರೂ ಕೇಳಿದ್ದು ಅದೇ ಮೊದಲು.

ಮನೆಯವರು ಅವತ್ತೇ ಧನುಷ್‌ಗೆ ಹೇಳಿ ಮುಂಬೈಯಿಂದ ಹೊರಡುವ ಹಡಗಿನಲ್ಲಿ ನಾಲ್ಕು ಜನಕ್ಕೆ ಜಾಗ ಹಿಡಿಸಿದರು. ಮೂರು ರಾತ್ರಿಯ ವಿಹಾರ, ಡಿಸೆಂಬರ್ ಕೊನೆಯ ವಾರ. ಕೇದಾರಕಂಠಕ್ಕೆ ಹೊರಡುವ ತಂಡವೂ ಅದೇ ವಾರದ್ದು. ರಜೆ ಇರುವುದು ಒಂದೇ ಸಲಕ್ಕೆ, ಹೊಸ ಜಾಗದಲ್ಲಿ ಅತ್ತೆಯನ್ನು ಅವರೊಬ್ಬರೇ ಸಂಭಾಳಿಸಲಾರರು.

ನಾನು ಆಯಿತು ಎಂದೆ. ಆಯಿತು ಎಂದು ಕುಕ್ಕರನ್ನು ಒಲೆಯ ಮೇಲೆ ಕುಕ್ಕಿದೆ. ಮಾರನೇ ದಿನವೂ ಮೆಟ್ಟಿಲು ಹತ್ತಿದೆ. ಬೆಟ್ಟಕ್ಕೆ ಹೋಗುವುದಿಲ್ಲವಾದರೆ ಹಿಟ್ಟು ಹೊತ್ತು ಮೆಟ್ಟಿಲು ಹತ್ತುವುದು ಯಾಕೆ ಎಂದು ಮನೆಯವರು ಕೇಳಲಿಲ್ಲ. ಕೇಳಿದ್ದರೆ ಇತ್ತು ಅವರಿಗೆ.

ಧನುಷ್ ಈಗ ಹಡಗಿನ ಪಾಠ ಶುರುಮಾಡಿದ. "ಮೇಡಂ, ಕೋಣೆ ಕೆಳಗಿನ ಮಹಡೀಲಿ, ಹಡಗಿನ ನಡುಮಧ್ಯ ತಗೊಂಡಿದೀನಿ. ಅಲ್ಲಿ ತೂಗಾಟ ಕಮ್ಮಿ. ದೊಡ್ಡ ಪೆಟ್ಟಿಗೆ ಬಂದರಿನಲ್ಲೇ ಅವರ ಕೈಗೆ ಹೋಗುತ್ತೆ, ಕೋಣೆಗೆ ಬರೋದು ಸಂಜೆಗೆ. ಅಜ್ಜಿ ಮಾತ್ರೆ, ಒಂದು ಜೊತೆ ಬಟ್ಟೆ, ಆಧಾರ್ ಕಾರ್ಡು ಕೈಚೀಲದಲ್ಲೇ ಇರಲಿ. ವಾಂತಿ ಮಾತ್ರೆ ಹಡಗು ಬಿಡೋಕೆ ಅರ್ಧ ಗಂಟೆ ಮುಂಚೆ ಕೊಡಿ, ಶುರುವಾದ ಮೇಲೆ ಕೊಟ್ರೆ ಪ್ರಯೋಜನ ಇಲ್ಲ. ಊದುಬತ್ತಿ, ಮೇಣದಬತ್ತಿ ಒಳಗೆ ಬಿಡಲ್ಲ. ಶಾಲು ಮರೀಬೇಡಿ, ಒಳಗೆ ಏಸಿ ಜಾಸ್ತಿ."

"ಊದುಬತ್ತಿ ಇಲ್ದೆ ನಮ್ಮತ್ತೆ ಪೂಜೆ ಹೇಗೆ ಮಾಡ್ತಾರಪ್ಪಾ?"

"ಕೈ ಮುಗಿದ್ರೆ ಸಾಕು ಮೇಡಂ, ದೇವರು ಅಡ್ಜಸ್ಟ್ ಮಾಡ್ಕೋತಾನೆ."

ಇಷ್ಟೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅದೇ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬೆಟ್ಟದ ಮಾತುಗಳಿದ್ದವು. ಒಂದು ದಪ್ಪ ಸ್ವೆಟರಿಗಿಂತ ಮೂರು ತೆಳು ಬಟ್ಟೆ ಮೇಲು. ಹತ್ತಿ ಬಟ್ಟೆ ಬೇಡ, ಬೆವರಿಗೆ ಒದ್ದೆಯಾದರೆ ಒಣಗುವುದಿಲ್ಲ. ಬಾಯಾರದಿದ್ದರೂ ಗುಟುಕು ಗುಟುಕಾಗಿ ನೀರು. ಕಾಲಿನ ಉಗುರು ಕತ್ತರಿಸಿರಬೇಕು. ಇಳಿಯುವಾಗ ಎರಡೂ ಕೈಯಲ್ಲಿ ಕೋಲು, ಮಂಡಿಯ ಭಾರ ಅದಕ್ಕೆ. ರಾತ್ರಿ ನಿದ್ದೆ ಬಾರದಿದ್ದರೆ ಆ ಹಾಳೆಗಳನ್ನು ಓದುತ್ತಿದ್ದೆ, ಇನ್ನು ಅದರಿಂದ ಏನೂ ಆಗಬೇಕಿಲ್ಲದಿದ್ದರೂ.

ಈಗ ನಮ್ಮ ತನ್ವಿಯ ಕನ್ನಡದ ಸಂಗತಿ ಹೇಳಬೇಕು. ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು. ಹಿಂದಿಯಲ್ಲಿ ನಿನ್ನೆಗೂ ಕಲ್, ನಾಳೆಗೂ ಕಲ್. ನಮ್ಮ ಕನ್ನಡದಲ್ಲಿ ಮಾತ್ರ ಎರಡು ಬೇರೆ ಬೇರೆ ಮಾತು ಯಾಕೆ ಎಂಬುದೇ ಅವಳಿಗೆ ತಿಳಿಯದು. "ಅಮ್ಮಾ, ನಾಳೆ ನಾನು ಬಸ್‌ನಿಂದ ಬಿದ್ದೆ" ಎಂದು ಅಳುತ್ತಾ ಬರುತ್ತಾಳೆ. "ನಿನ್ನೆ ಮ್ಯಾಥ್ಸ್ ಟೆಸ್ಟ್ ಇದೆ, ಪ್ಲೀಸ್ ಟಿವಿ ಬಂದ್ ಮಾಡೋ ಪಪ್ಪಾ" ಎನ್ನುತ್ತಾಳೆ. ಮನೆಯಲ್ಲಿ ಎಲ್ಲರೂ ನಗುತ್ತೇವೆ. ಮೊದಲೆಲ್ಲ ಅತ್ತೆಯೇ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು, ಆದದ್ದು ನಿನ್ನೆ, ಆಗೋದು ನಾಳೆ ಎಂದು ತಿದ್ದುತ್ತಿದ್ದರು.

ಡಿಸೆಂಬರ್ ಮೊದಲ ಸೋಮವಾರ ಅತ್ತೆ ಬೆಳಗಿನಿಂದ ನಾಲ್ಕನೇ ಸಲವೋ ಐದನೇ ಸಲವೋ ಕೇಳಿದರು. "ಹಡಗು ಯಾವಾಗ, ಮಗು?"

ಹಡಗಿಗೆ ಇನ್ನೂ ಮೂರು ವಾರವಿದ್ದರೂ ಸುಮ್ಮನೆ ನಾಳೆ ಎಂದುಬಿಡಲು ಹೋಗಿ, ತನ್ವಿ ಟ್ಯಾಬಿನಿಂದ ಕಣ್ಣೆತ್ತದೆ ಹೇಳಿದಳು. "ನಿನ್ನೆ, ಅಜ್ಜಿ. ನಿನ್ನೆ, ನಿನ್ನೆ, ಕಿತನೀ ಬಾರ್ ಬತಾಊಂ, ಎಷ್ಟು ಸಲ ಹೇಳ್ಲಿ?"

ಅತ್ತೆ ತಿದ್ದಲಿಲ್ಲ. "ನಿನ್ನೆಯಾ?" ಎಂದರು. ಮೆಲ್ಲಗೆ ಕುರ್ಚಿಗೆ ಒರಗಿ ಕಿಟಕಿಯ ಕಡೆ ತಿರುಗಿದರು.

ಮಂಗಳವಾರ ಬೆಳಗ್ಗೆ ನಾನು ಮೆಟ್ಟಿಲು ಹತ್ತಿ ಬಂದು ಬೂಟಿನ ದಾರ ಬಿಚ್ಚುತ್ತಿದ್ದೆ. ಅತ್ತೆ ಬಾಲ್ಕನಿಯಲ್ಲಿ ರಜಾಯಿ ಹೊದ್ದು ಕೂತಿದ್ದರು. ಹೊರಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕೆಳಗಿನ ರಸ್ತೆ, ಮರ, ಕಾರು ಒಂದೂ ಇಲ್ಲ. ಎದುರಿನ ಟವರುಗಳ ಮೇಲಿನ ನಾಲ್ಕೈದು ಮಹಡಿ ಮಾತ್ರ ಬಿಳುಪಿನ ಮೇಲೆ ತೇಲುತ್ತಿದ್ದವು. ರಿಂಗ್ ರಸ್ತೆಯಿಂದ ಯಾವುದೋ ಲಾರಿಯ ಹಾರ್ನು ದೂರದಿಂದ ಕೇಳಿಸಿತು.

"ಹಡಗು ಚೆನ್ನಾಗಿತ್ತು ಕಣೆ, ಹರಿಣಿ" ಎಂದರು ಅತ್ತೆ.

"ಯಾವ ಹಡಗು ಅತ್ತೆ?"

"ಅದೇ, ನಿನ್ನೆದು. ಎಷ್ಟು ದೊಡ್ಡದು! ಬೆಳ್ಳಗೆ, ಮೈತುಂಬ ದೀಪ. ತಿರುಗುವಾಗ ಎಷ್ಟು ನಿಧಾನವಾಗಿ ತಿರುಗ್ತು ನೋಡು, ನೀರೇ ಅಲ್ಲಾಡಲಿಲ್ಲ. ನೀನು ಕಂಬಿ ಹಿಡ್ಕೊಂಡು ನಿಂತಿದ್ದೆ, ಗಾಳಿಗೆ ಸೆರಗು ಹಾರ್ತಿತ್ತು. ತನ್ವಿ ಕೆಂಪು ಟೋಪಿ ಹಾಕಿದ್ಲು."

ಅವರ ಮುಖದಲ್ಲಿ ಎಂಥ ತೃಪ್ತಿ! ನಾನು ತಿದ್ದಲು ಹೋಗದೆ ಬೂಟು ಬಿಚ್ಚಿ ಒಳಗೆ ಇಟ್ಟೆ.

ರಾತ್ರಿ ಊಟವಾದ ಮೇಲೆ ಮನೆಯವರಿಗೆ ಹೇಳಿದೆ. ಅವರು ತಟ್ಟೆ ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿದರು.

"ಅಲ್ವೇ, ಅಮ್ಮ ಹೋಗಿ ಬಂದೆ ಅಂತಲೇ ಅಂದ್ಕೊಂಡಿದಾಳೆ ಅಂದ್ರೆ..." ಎಂದು ನಿಲ್ಲಿಸಿ, ನನ್ನ ಮುಖ ನೋಡದೆಯೇ ಮುಂದುವರಿಸಿದರು. "ಡಾಕ್ಟರೂ ಹೇಳಿದ್ರಲ್ಲ, ಹೊಸ ಜಾಗಕ್ಕೆ ಹೋದ್ರೆ ಇಂಥವರಿಗೆ ಗಾಬರಿಯಾಗುತ್ತೆ ಅಂತ. ರೈಲು, ಬಂದರು, ಜನ. ಇವಳು ಇಲ್ಲೇ ಸುಖವಾಗಿ ಹೋಗಿ ಬಂದಿದಾಳೆ. ನೀನು ಬೆಟ್ಟಕ್ಕೆ ಹೋಗು. ನಾನು ಮನೇಲಿರ್ತೀನಿ. ಹಡಗು ಕ್ಯಾನ್ಸಲ್ ಮಾಡಿಬಿಡೋಣ."

ನನಗೆ ಒಮ್ಮೆಲೇ ಕೋಪ ಬರಬೇಕಿತ್ತು. ಬರಲಿಲ್ಲ. ಎದೆಯೊಳಗೆ ಕುಣಿದ ಹಾಗಾಯಿತು, ಇದನ್ನು ಮುಚ್ಚಿಟ್ಟು ಏನು ಪ್ರಯೋಜನ? ಹಿಮ ಕಣ್ಣಮುಂದೆ ಬಂತು. ಅತ್ತೆಗೂ ಹಡಗು ಸಿಕ್ಕಿತು, ನನಗೂ ಬೆಟ್ಟ ಸಿಗುತ್ತದೆ, ಯಾರಿಗೆ ನಷ್ಟ ಇದರಲ್ಲಿ?

ಬುಧವಾರ ಧನುಷ್‌ನನ್ನು ಕೇಳಿದೆ. "ಕೇದಾರಕಂಠದ ತಂಡದಲ್ಲಿ ಒಂದೇ ಒಂದು ಜಾಗ ಉಳಿದಿದೆ, ಮೇಡಂ. ಶನಿವಾರ ಸಂಜೆ ಆರರ ತನಕ ನಿಮಗೇ ಇಟ್ಟಿರ್ತೀನಿ. ಹಡಗಿನವರಿಗೂ ಹೆಸರು ಖಾತ್ರಿ ಮಾಡೋಕೆ ಅದೇ ಗಡುವು. ಹಡಗೋ ಬೆಟ್ಟವೋ, ಆರಕ್ಕೆ ಮುಂಚೆ ಒಂದು ಹೇಳಿಬಿಡಿ" ಎಂದ.

ಅವತ್ತಿನಿಂದ ನಾನೊಂದು ಕೆಲಸ ಮಾಡಿದೆ. ಹೇಳಿಕೊಳ್ಳಲು ಹೆಮ್ಮೆಯ ಕೆಲಸವಲ್ಲ. ಬೆಳಗ್ಗೆ ಬೆಳಗ್ಗೆ ಅತ್ತೆಯ ಪಕ್ಕ ಅದೇ ರಜಾಯಿಯೊಳಗೆ ಕಾಲು ತೂರಿಸಿ ಕೂತು ಆ ಹಡಗನ್ನು ಗಟ್ಟಿ ಮಾಡತೊಡಗಿದೆ. ಎಲ್ಲಿಯಾದರೂ ಅವರು ಮರೆತು ಮತ್ತೆ "ಹಡಗು ಯಾವಾಗ?" ಎಂದರೆ ನನ್ನ ಬೆಟ್ಟ ಕುಸಿಯುತ್ತದಲ್ಲ!

"ಹೊರಡೋಕೆ ಅರ್ಧ ಗಂಟೆ ಮುಂಚೆ ಮಾತ್ರೆ ತಗೊಂಡ್ರಲ್ಲ ಅತ್ತೆ, ಜ್ಞಾಪಕ ಇದೆಯಾ?"

"ಹೂಂ. ಕಹಿ ಮಾತ್ರೆ."

"ತಲೆ ಸುತ್ತಲಿಲ್ಲ ತಾನೇ?"

"ಒಂಚೂರೂ ಇಲ್ಲಪ್ಪ."

"ಊಟ ಹೇಗಿತ್ತು?"

"ನೀನೇ ಡಬ್ಬಿ ಕಟ್ಟಿಕೊಟ್ಟಿದ್ಯಲ್ಲೇ. ಚಪಾತಿ, ಬದನೇಕಾಯಿ ಪಲ್ಯ. ಚಪಾತಿ ಸ್ವಲ್ಪ ಗಟ್ಟಿಯಾಗಿತ್ತು."

ಹಡಗಿನಲ್ಲಿ ದಿನಕ್ಕೆ ಐದು ಸಲ ಬಡಿಸುತ್ತಾರೆ, ನಾನ್ಯಾಕೆ ಡಬ್ಬಿ ಕಟ್ಟಲಿ ಎಂದು ರೇಗಬೇಕೆನ್ನಿಸಿತು. ಇರದ ಹಡಗಿನ ಇರದ ಚಪಾತಿಗೂ ಗಟ್ಟಿ ಎಂದು ಕೊಂಕು ತೆಗೆಯುತ್ತಾರಲ್ಲ, ಅತ್ತೆ ಎಂದರೆ ಅತ್ತೆಯೇ ಎಂದುಕೊಂಡು ನಕ್ಕು ಸುಮ್ಮನಾದೆ.

ಆದರೆ ಆ ಮೂರು ದಿನ, ಹೇಗೆ ಹೇಳಲಿ, ನಮ್ಮ ಮನೆ ಪೂರ್ತಿ ನೀರಿನ ಮೇಲಿತ್ತು. ಮಂಜು ಹನ್ನೊಂದು ಗಂಟೆಯಾದರೂ ಕರಗುತ್ತಿರಲಿಲ್ಲ. ಸ್ಕೂಲಿಗೂ ರಜೆ ಕೊಟ್ಟಿದ್ದರು. ತನ್ವಿ ಕಾಗದದಲ್ಲಿ ದುರ್ಬೀನು ಸುತ್ತಿಕೊಂಡು ಬಾಲ್ಕನಿಯಲ್ಲಿ ನಿಂತು "ಅಜ್ಜಿ, ಡಾಲ್ಫಿನ್!" ಎಂದು ಕಿರುಚುತ್ತಿದ್ದಳು. ಎದುರಿನ ಟವರಿನಲ್ಲಿ ಯಾರೋ ಬಟ್ಟೆ ಹರವಲು ಬಂದರೆ ಅತ್ತೆ ಕೈ ಬೀಸುತ್ತಿದ್ದರು. ಅವರೂ ಬೀಸುತ್ತಿದ್ದರು. ಗಾಳಿ ಬೀಸಿದರೆ ನೆಲವೇ ಒಂದಿಷ್ಟು ತೂಗಿದಂತೆ ನನಗೂ ಅನ್ನಿಸುತ್ತಿತ್ತು. ಅತ್ತೆ ನನ್ನ ಹೆಗಲಿಗೆ ತಲೆಯಾನಿಸಿ ಕೂರುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ನಾವಿಬ್ಬರೂ ಇಷ್ಟು ಹತ್ತಿರ ಕೂತದ್ದೇ ಇಲ್ಲ. ಹಾಗೆ ಕೂತಾಗಲೂ ನಾನು ಒಳಗೊಳಗೇ ಶನಿವಾರಕ್ಕೆ ಎಷ್ಟು ದಿನ ಉಳಿಯಿತೆಂದು ಎಣಿಸುತ್ತಿದ್ದೆ. ಸುಖವೂ ನಿಜವಾಗಿತ್ತು, ಲೆಕ್ಕಾಚಾರವೂ ನಿಜವಾಗಿತ್ತು.

ಶುಕ್ರವಾರ ಐಎನ್‌ಎ ಮಾರ್ಕೆಟ್ಟಿಗೆ ಹೋಗಿ ಉಣ್ಣೆಯ ಕಾಲುಚೀಲ, ಕಿವಿ ಮುಚ್ಚುವ ಟೋಪಿ ತಂದೆ. ಮನೆಯವರು ಕೋಲುಗಳನ್ನು ತಮ್ಮ ಸಹೋದ್ಯೋಗಿಯ ಹತ್ತಿರ ಎರವಲು ಕೇಳಿ ತಂದರು. ತಂದು ಹಾಲಿನ ಮೂಲೆಯಲ್ಲಿ ನಿಲ್ಲಿಸಿ, "ಹತ್ತಿ ಇಳಿದು ಬಾ ಮಾರಾಯ್ತಿ, ಆಮೇಲಾದ್ರೂ ನನ್ನ ಬೈಯೋದು ನಿಲ್ಲಿಸು" ಎಂದರು. ಅವರಿಗೆ ನನ್ನ ಆಸೆ ಎಷ್ಟು ದೊಡ್ಡದೆಂದು ಗೊತ್ತಿತ್ತು. ಅದನ್ನು ಕಂಡು ನನಗೆ ಕಣ್ಣಲ್ಲಿ ನೀರು ಬಂತು.

ಶನಿವಾರ ಮಧ್ಯಾಹ್ನ ಮಂಜು ಹರಿದು ಬಿಸಿಲು ಬಿತ್ತು. ನಾಲ್ಕು ಗಂಟೆಯ ಇಳಿ ಬಿಸಿಲು. ಮನೆಯವರು ತನ್ವಿಯನ್ನು ಕರೆದುಕೊಂಡು ತರಕಾರಿಗೆ ಹೋಗಿದ್ದರು. ನಾನು ಅತ್ತೆಯನ್ನು ಬಾಲ್ಕನಿಯಲ್ಲಿ ಕೂರಿಸಿ, ಹಿಂದೆ ಸ್ಟೂಲಿನ ಮೇಲೆ ಕೂತು ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಆರಕ್ಕೆ ಮುಂಚೆ ಫೋನ್ ಮಾಡಬೇಕು, ಎಣ್ಣೆ ಕೈ ತೊಳೆದು ಮಾಡಿದರಾಯಿತು ಎಂದುಕೊಂಡಿದ್ದೆ. ಅವರ ಕೂದಲು ಎಷ್ಟು ತೆಳುವಾಗಿದೆ ಎಂದರೆ ಬೆರಳಿಗೆ ಸಿಕ್ಕುವುದೇ ಇಲ್ಲ.

ಮನಸ್ಸಿಗೆ ಇನ್ನೊಂದಿಷ್ಟು ಸಮಾಧಾನ ಬೇಕಿತ್ತೋ ಏನೋ, ಕೇಳಿದೆ. "ಅತ್ತೆ, ಹಡಗಿನಲ್ಲಿ ನಮ್ಮ ಕೋಣೆ ಹೇಗಿತ್ತು? ಹಾಸಿಗೆ ಮೆತ್ತಗಿತ್ತಾ?"

"ನನಗೇನು ಗೊತ್ತು?" ಎಂದರು ಅತ್ತೆ. "ನಾನೆಲ್ಲಿ ಹತ್ತಿದೆ?"

ನನ್ನ ಕೈ ನಿಂತಿತು.

"ಅಂದ್ರೆ?"

"ನನ್ನನ್ನ ದಡದಲ್ಲಿ ಬೆಂಚಿನ ಮೇಲೆ ಕೂರಿಸಿ ನೀವು ಮೂರು ಜನ ಹತ್ತಿದ್ರಿ. ಇವಳಿಗೆ ಆಗಲ್ಲ ಅಂದ್ರಲ್ಲ. ಸರಿ, ನನಗೆ ಆಗಲ್ಲ, ನಿಜವೇ. ನೀನು ಡಬ್ಬಿ ಕೊಟ್ಟೆ, ಶಾಲು ಹೊದಿಸ್ದೆ. ಮೇಲೆ ಹೋಗಿ ಕೈ ಬೀಸಿದ್ರಿ, ನಾನೂ ಬೀಸ್ದೆ."

"ಅತ್ತೆ..."

"ಎಷ್ಟು ಚೆನ್ನಾಗಿ ಕಾಣ್ತಿದ್ರಿ ಮೂರೂ ಜನ! ಆಮೇಲೆ ಅದು ಚಿಕ್ಕದಾಗ್ತಾ ಆಗ್ತಾ ಹೋಯ್ತು. ದೀಪ ಮಾತ್ರ ಕಾಣ್ತಿತ್ತು." ಅವರ ದನಿಯಲ್ಲಿ ದೂರಿನ ಒಂದು ಎಳೆಯೂ ಇರಲಿಲ್ಲ. ಹಿಂದಕ್ಕೆ ಕೈ ಚಾಚಿ ನನ್ನ ಎಣ್ಣೆ ಕೈಯನ್ನು ಹುಡುಕಿ ಹಿಡಿದುಕೊಂಡರು. "ನೀನು ಯಾಕೆ ಸಪ್ಪಗಾದೆ? ನಾನೆಲ್ಲೂ ಎದ್ದು ಹೋಗಲಿಲ್ಲ ಕಣೆ. ನೀವು ಬರೋವರೆಗೂ ಅಲ್ಲೇ ಕೂತಿದ್ದೆ."

ಇಷ್ಟು ದಿನ ಈ ಬಡ ಮನಸ್ಸಿನೊಳಗೆ ಕೂತು ಹಡಗು ಕಟ್ಟುತ್ತಿದ್ದೇನೆ ಎಂದುಕೊಂಡೆನಲ್ಲ, ಕಟ್ಟಿದ ಹಡಗಿನಲ್ಲಿ ಇವರಿಗೇ ಜಾಗವಿರಲಿಲ್ಲ. ಕನಸಿನಲ್ಲೂ ಹತ್ತುವ ಧೈರ್ಯ ಮಾಡಲಿಲ್ಲವಲ್ಲ ಇವರು! ನನ್ನ ಕೋಪ ಅಷ್ಟು ಹೊತ್ತಿಗೆ ಬಂತು. ಯಾರ ಮೇಲೆ ಎಂದು ಬೇರೆ ಹೇಳಬೇಕೇ? ಅತ್ತೆಯ ಬೆನ್ನಿಗೆ ಮುಖವಿಟ್ಟು ಅತ್ತುಬಿಟ್ಟೆ. ಬಿಕ್ಕಿ ಬಿಕ್ಕಿ ಅತ್ತೆ. ಅವರು ಏನೂ ತಿಳಿಯದೆ, "ಅಯ್ಯೋ ಹುಚ್ಚಿ, ಚಪಾತಿ ಗಟ್ಟಿ ಅಂದಿದ್ದಕ್ಕಾ?" ಎಂದು ಕೈ ಸವರುತ್ತಿದ್ದರು.

ಐದು ಮುಕ್ಕಾಲಿಗೆ ಧನುಷ್‌ನೇ ಫೋನ್ ಮಾಡಿದ. "ಮೇಡಂ, ಇನ್ನು ಹದಿನೈದೇ ನಿಮಿಷ. ಬೆಟ್ಟ ಖಾತ್ರಿ ಮಾಡಿಬಿಡ್ಲಾ?"

ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲೂ ಹಿಮ ಒಂದು ಸಲ ಕಣ್ಣಮುಂದೆ ಬಂದು ನಿಂತಿತು. ಬಂದದ್ದು ಹೋಗಲೂ ಇಲ್ಲ. ಅದು ಅಲ್ಲಿಯೇ ಇರುವಾಗಲೇ ಹೇಳಿದೆ.

"ಬೇಡ. ಆ ಜಾಗ ಬೇರೆಯವರಿಗೆ ಕೊಟ್ಬಿಡು."

"ಮೇಡಂ, ಮುಂದಿನ ವರ್ಷ ನಿಮ್ಮ ಮಂಡಿ..."

"ಗೊತ್ತಪ್ಪಾ, ಗೊತ್ತು. ನೀನು ಹಡಗಿನದು ಬರ್ಕೋ. ನಾಲ್ಕು ಜನ. ಬಂದರಿನಲ್ಲಿ ವೀಲ್‌ಚೇರ್ ಬೇಕು. ಮತ್ತೆ ಇನ್ನೊಂದು, ನಮ್ಮಲ್ಲಿ ಯಾರು ಮೊದಲು ಹತ್ತಬೇಕು ಅಂತ ಎಲ್ಲಾದ್ರೂ ಬರೆಯೋಕೆ ಆಗುತ್ತಾ?"

"ಹಾಗೆಲ್ಲ ಇರಲ್ಲ ಮೇಡಂ, ಸಾಲಿನಲ್ಲಿ ಹೇಗೆ ನಿಂತಿರ್ತೀರೋ ಹಾಗೆ."

"ಹಾಗಾದ್ರೆ ನಾನು ನಮ್ಮತ್ತೆ ಹಿಂದೆ ನಿಲ್ತೀನಿ" ಎಂದೆ.